ರಾಕ್ಷಸ ಹೆದರಿದ ಪುಟ

ಅವರ ಹೆಸರು ನಾನು ಬರೆಯುವುದಿಲ್ಲ. ಹೆಸರು ಬೇಕಾದಷ್ಟು ಸಲ ಯಕ್ಷಗಾನ ಆಟದ ಪೋಸ್ಟರಿನಲ್ಲಿ ಬಂದಿದೆ, ಗೋಡೆಗೆ ಹಚ್ಚಿದ್ದನ್ನು ದನ ಎಳೆದು ತಿಂದದ್ದೂ ಆಗಿದೆ. ಅವರು ಸತ್ತಾಗ ಪೇಪರಿನವರು ಒಂದು ಸಣ್ಣ ಫೋಟೋ ಹಾಕಿ, ಬಣ್ಣದ ವೇಷಕ್ಕೆ ಹೆಸರಾದವರು, ಸರಳ ಸಜ್ಜನರು ಎಂದು ಬರೆದಿದ್ದರು. ವೇಷಕ್ಕೆ ಹೆಸರಾದದ್ದು ಹೌದು. ಸರಳ ಎಂದದ್ದು ಮಾತ್ರ ಅವರನ್ನು ಕಾಣದೆ ಬರೆದದ್ದು. ಊಟಕ್ಕೆ ಕುಳಿತರೆ ಮೀನಿನ ನಡುತುಂಡು ಅವರ ಬಟ್ಟಲಿಗೇ ಬೀಳಬೇಕು. ಅವರ ಎದುರಿಗೆ ಇನ್ನೊಬ್ಬ ವೇಷಧಾರಿಯನ್ನು ಹೊಗಳಿದರೆ ಆ ದಿನ ಅವರಿಗೆ ಕಿವಿ ಕೇಳುತ್ತಿರಲಿಲ್ಲ. ಬೇಲಿಯಾಚೆಯಿಂದ ನನ್ನನ್ನು ಕರೆದರೆ ತೆಂಗಿನ ಮರದ ಕಾಗೆ ಹಾರಬೇಕು. ಅಂಥವರು ಸರಳ ಆಗುವುದು ಹೇಗೆ?

ನಮ್ಮದು ಸಾಲಿಗ್ರಾಮದಿಂದ ಪಡುವಣಕ್ಕೆ, ಕಡಲಿನ ಹತ್ತಿರ. ಅವರ ಮನೆಗೂ ನನ್ನ ಮನೆಗೂ ನಡುವೆ ಒಂದೇ ಬೇಲಿ. ನಾನು ಮೀನು ಹೊತ್ತು ಮಾರುವವಳು. ಬೆಳಿಗ್ಗೆ ಬುಟ್ಟಿ ಹೊತ್ತು ಮನೆ ಮನೆ ತಿರುಗಿದರೆ ಮಧ್ಯಾಹ್ನದ ಮೇಲೆ ಪುರುಸೊತ್ತು. ಅವರನ್ನು ಅಣ್ಣಯ್ಯ ಎಂದು ಕರೆಯುತ್ತಿದ್ದೆ, ಅವರು ನನ್ನನ್ನು ಹುಡುಗಿಯನ್ನು ಕರೆದ ಹಾಗೆ ಹೆಣೆ ಎನ್ನುತ್ತಿದ್ದರು. ರಕ್ತಸಂಬಂಧ ಏನೂ ಇಲ್ಲ. ಬೇಲಿಯ ಸಂಬಂಧ.

ಬಣ್ಣದ ವೇಷ ಎಂದರೆ ಯಕ್ಷಗಾನದ ರಾಕ್ಷಸ. ಮುಖಕ್ಕೆ ಕಪ್ಪು, ಕೆಂಪು ಬಳಿದು, ಅದರ ಮೇಲೆ ಅಕ್ಕಿಹಿಟ್ಟು ಸುಣ್ಣ ಕಲಸಿದ್ದನ್ನು ಚುಕ್ಕಿ ಚುಕ್ಕಿಯಾಗಿ ಇಡಬೇಕು. ಒಂದು ಚುಕ್ಕಿ ಒಣಗಿದ ಮೇಲೆ ಅದರ ಮೇಲೆ ಇನ್ನೊಂದು. ಮುಖ ಹಲಸಿನ ಹಣ್ಣಿನ ಹಾಗೆ ಮುಳ್ಳು ಮುಳ್ಳಾಗುವ ತನಕ ಅದೇ ಕೆಲಸ. ಸುಣ್ಣ ತಿಂದು ತಿಂದು ಅವರ ಕೆನ್ನೆ ಗುಳಿ ಬಿದ್ದಿತ್ತು. ಊರಿಡೀ ಮಕ್ಕಳು ಅವರನ್ನು ಕಂಡು ಚೀರಿದ್ದಾರೆ. ಅವರು ಮಾತ್ರ ಹೋರಿಗೆ ಹೆದರುತ್ತಿದ್ದರು. ಗದ್ದೆಯ ಅಂಚಿನಲ್ಲಿ ಕಟ್ಟಿದ ಹೋರಿ ಇದ್ದರೆ ಸುತ್ತು ಬಳಸಿ ಬರುತ್ತಿದ್ದರು. "ಅದ್ಕೆ ನನ್ ವೇಷ ಗೊತ್ತಿಲ್ಲೆ ಕಾಣ್" ಎನ್ನುತ್ತಿದ್ದರು.

ನನ್ನ ಕಿರಿ ಮಗಳು ಸಣ್ಣವಳಿದ್ದಾಗ ಅವರ ಕೂಗಿಗೆ ಹೆದರಿ ಜ್ವರ ಹಿಡಿದು ಮಲಗಿದಳು. ನಾನು ಅವರ ಮನೆಗೆ ಜಗಳಕ್ಕೆ ಹೋದೆ.

"ಎಂತ ಅಣ್ಣಯ್ಯ, ಮಕ್ಕಳನ್ನ್ ಕೊಲ್ಲುಕೆ ವೇಷ ಕಟ್ತ್ರಿಯಾ ನೀವ್?"

ಅವರಿಗೆ ಖುಷಿಯೇ ಆಯಿತು. ಹೊಗಳಿದ ಹಾಗೆ ಕೇಳಿಸಿತೋ ಏನೋ. "ಜ್ವರವೇ ಬಂತಾ?" ಎಂದು ಪುನಃ ಪುನಃ ಕೇಳಿದರು. ಕಡೆಗೆ, "ಮುಂದಿನ ಆಟಕ್ಕೆ ಚೌಕಿಗೆ ಕರ್ಕಂಡ್ ಬಾ ಹೆಣೆ. ಬಣ್ಣ ಹಾಕುದ್ ಕಾಣ್ಲಿ" ಎಂದರು.

ಚೌಕಿ ಎಂದರೆ ವೇಷ ಕಟ್ಟುವ ಜಾಗ. ಕರೆದುಕೊಂಡು ಹೋದೆ. ಮಗಳು ಅವರ ಪಕ್ಕದಲ್ಲೇ ಕುಳಿತು ಒಂದೊಂದು ಚುಕ್ಕಿ ಇಡುವುದನ್ನೂ ಕಂಡಳು. ಅರ್ಧ ಮುಖ ಆಗುವಾಗ ಆಕಳಿಕೆ ಬಂತು. ಆ ದಿನ ತೆರೆಯ ಹಿಂದಿನಿಂದ ಅವರು ಕೂಗು ಹಾಕಿದಾಗ ಉಳಿದ ಮಕ್ಕಳೆಲ್ಲ ತಾಯಂದಿರ ಸೆರಗಿಗೆ ನುಗ್ಗಿದರು. ನನ್ನ ಮಗಳು ಎದ್ದು ನಿಂತು, "ಹೆದ್ರಬೇಡಿ, ಅದ್ ನಮ್ಮನೆ ಹತ್ರದ್ ಮಾಮ, ಈಗ ಬೀಡಿ ಎಳ್ದ್ ಬಂದದ್" ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು. ಜನ ನಕ್ಕರು. ಅವರ ಪ್ರವೇಶ ಹಾಳಾಯಿತು. ಮರುದಿನ ಬೇಲಿಯಾಚೆಯಿಂದ ನನಗೆ ಬೈಗುಳ.

"ಕಾಣ್, ಇಷ್ಟೇ ವಿಷಯ" ಎಂದು ಆಮೇಲೆ ಹೇಳಿದರು. "ಬಣ್ಣ ಹಾಕುದ್ ಕಂಡವ್ರ್ ಹೆದ್ರುದಿಲ್ಲೆ. ಹೆದ್ರಿಸ್ಬೇಕಂದ್ರೆ ಚೌಕಿ ಕಾಣುಕಾಗ."

ಮೊಣಗಂಟು ಹೋಗಿ ಅವರು ಮೇಳ ಬಿಟ್ಟರು. ಮೊದಮೊದಲು ಒಂದೆರಡು ಕಡೆ ಕರೆದು ಶಾಲು ಹಾಕಿದರು. ಆಮೇಲೆ ಅದೂ ನಿಂತಿತು. ಮಗ ಮುಂಬೈಯಲ್ಲಿ ಹೋಟೆಲ್ ಕೆಲಸ, ಸೊಸೆ ಶಾಲೆಯ ಬಿಸಿಯೂಟದ ಅಡುಗೆಗೆ ಹೋಗುತ್ತಿದ್ದಳು. ಇವರು ಜಗಲಿಯಲ್ಲಿ ಕುಳಿತು ದಾರಿ ನೋಡುವುದು. ದಾರಿಯಲ್ಲಿ ಹೋಗುವ ಹುಡುಗರಿಗೆ ಇವರು ಯಾರೆಂದು ಗೊತ್ತಿರಲಿಲ್ಲ. ಒಬ್ಬ ನಿಂತು, "ಅಜ್ಜ, ಇಲ್ಲಿ ಕರೆಂಟಿನವ್ರ್ ಮನೆ ಯಾವ್ದ್?" ಎಂದು ಕೇಳಿದನಂತೆ. ಅಷ್ಟಕ್ಕೇ ಆ ದಿನ ಗಂಜಿ ಉಣ್ಣಲಿಲ್ಲ.

ಹೆದ್ದಾರಿ ಅಗಲ ಮಾಡುವ ಕೆಲಸ ಶುರುವಾದ ಹೊತ್ತಿಗೆ ಆ ಭೂತದ ಪುಸ್ತಕದ ಗಲಾಟೆ ಎದ್ದದ್ದು. ಮೊದಲು ವಾರಪತ್ರಿಕೆಯಲ್ಲಿ ಬಂತು, ಆಮೇಲೆ ಪುಸ್ತಕ ಆಯಿತು. ಮೀನಿಗೆ ಹೋದ ಮನೆಯಲ್ಲೆಲ್ಲ ಅದೇ ಮಾತು. ಬೈಂದೂರಿನಲ್ಲಿ ಒಬ್ಬಳು ಓದಿ ಎಚ್ಚರ ತಪ್ಪಿ ಬಿದ್ದಳಂತೆ. ಬಸ್ರೂರಿನಲ್ಲಿ ಒಬ್ಬಳು ಬಾವಿಕಟ್ಟೆಗೆ ಹೋಗುವುದನ್ನೇ ಬಿಟ್ಟು ಗಂಡನಿಂದ ನೀರು ಸೇದಿಸಿದಳಂತೆ. ಹೆದರಿಕೆಯೋ ಹುಷಾರೋ ಯಾರಿಗೆ ಗೊತ್ತು. ಯಡ್ತರೆಯವನೊಬ್ಬ ಬಸ್ಸಿನಲ್ಲಿ ಓದುತ್ತಾ ಇಳಿಯುವುದು ಮರೆತು ಭಟ್ಕಳ ಮುಟ್ಟಿದ್ದನಂತೆ. ಪುಸ್ತಕದ ಮೇಲೆ ಕೆಂಪು ಅಕ್ಷರದಲ್ಲಿ "ಒಬ್ಬರೇ ಇದ್ದಾಗ ಓದಬೇಡಿ" ಎಂದು ಅಚ್ಚು ಹಾಕಿದ್ದರು. ಮಕ್ಕಳು ಮದುವೆಯಾಗಿ ಹೋದ ಮೇಲೆ ನಾನು ಒಬ್ಬಳೇ ಇರುವವಳು. ಹಾಗಾದರೆ ನಮ್ಮಂಥವರಿಗೆ ಬರೆದದ್ದಲ್ಲ ಎಂದು ಸುಮ್ಮನಿದ್ದೆ.

ಬರೆದವನು ಬ್ರಹ್ಮಾವರ ಕಡೆಯ ಹುಡುಗ, ಬ್ಯಾಂಕಿನಲ್ಲಿ ಕೆಲಸ. ಒಳ್ಳೆಯ ಹುಡುಗನೇ. ಒಂದು ದಿನ ಬೈಕಿನಲ್ಲಿ ಬಂದು ಇವರ ಕಾಲಿಗೆ ಬಿದ್ದ. ಕುಂದಾಪುರದಲ್ಲಿ ಒಂದು ಸಭೆ ಇದೆ, ಪುಸ್ತಕದ ಬಗ್ಗೆ ಮಾತು, ನಿಮಗೆ ಸನ್ಮಾನ, ನೀವೇ ಮುಖ್ಯ ಅತಿಥಿ ಎಂದ.

"ನಾನ್ ಸಣ್ಣವ ಇಪ್ಪಾಗ ನಿಮ್ ವೇಷ ಕಂಡ್ ಹೆದ್ರಿದವ, ಯಜಮಾನ್ರೆ. ಹೆದ್ರಿಸುದ್ ಅಂದ್ರೆ ಎಂತ ಅಂತ ಅಲ್ಲೇ ಕಲ್ತದ್ದ್."

ಇವರ ಮುಖ ಕಾಣಬೇಕಿತ್ತು. ಕಿರೀಟ ಇಟ್ಟಷ್ಟು ಎತ್ತರ ಆದರು.

ಅವನು ಹೋಗುವಾಗ ಪುಸ್ತಕ ಕೊಟ್ಟ, ಒಂದು ಕರೆಯೋಲೆಯನ್ನೂ ಕೊಟ್ಟ. ನಾನು ಅದನ್ನು ಬಿಡಿಸಿ ಅಕ್ಷರ ಕೂಡಿಸಿ ಓದಿದೆ. ಇವರ ಹೆಸರಿನ ಕೆಳಗೆ ಹೀಗೆ ಹಾಕಿದ್ದರು: "ಊರನ್ನೇ ನಡುಗಿಸಿದ ರಾಕ್ಷಸನನ್ನೂ ನಡುಗಿಸಿದ ಕಾದಂಬರಿ!"

"ನೀವ್ ಯಾವಾಗ ನಡುಗಿದ್ದ್?" ಎಂದು ಕೇಳಿದೆ.

"ನಡುಗ್ಕಲ್ಲ ಇನ್ನ್" ಎಂದರು ಅವರು, ಇನ್ನು ನಡುಗಲೇಬೇಕು ಎಂಬ ಹಾಗೆ. "ಓದ್ಕಲ್ಲ ಮೊದ್ಲ್."

ಓದುವುದಕ್ಕೆ ಅವರಿಗೆ ಕಣ್ಣಿರಲಿಲ್ಲ. ಆಗಷ್ಟೇ ಪೊರೆ ತೆಗೆದಿದ್ದರು. ಸೊಸೆಗೆ ಪುರುಸೊತ್ತಿಲ್ಲ.

"ಹೆಣೆ, ನಿಂಗೆ ಓದುಕ್ ಬತ್ತಲ್ದಾ?"

"ಬಸ್ಸಿನ ಬೋರ್ಡ್ ಓದುವಷ್ಟ್ ಬತ್ತ್."

"ಸಾಕ್. ಓಡುವ ಬಸ್ ಬ್ಯಾಡ ನಂಗೆ, ನಿಂತ ಬಸ್ಸಿಂದೇ ಓದ್."

ಹಾಗೆ ಮಧ್ಯಾಹ್ನದ ಮೇಲೆ ಅವರ ಜಗಲಿಯಲ್ಲಿ ನಮ್ಮ ಓದು ಶುರುವಾಯಿತು. ನಾನು ಬೆರಳಿಟ್ಟು ಓದುವವಳು. ಒತ್ತಕ್ಷರ ಬಂದರೆ ನಿಂತು ದಾಟಬೇಕು. ಭೂತ ಒಂದು ಸಾಲಿನಲ್ಲಿ ಬಾಗಿಲು ತೆಗೆದರೆ ನಾನು ಅದನ್ನು ಒಳಗೆ ತರುವಾಗ ಚಾ ತಣಿಯುತ್ತಿತ್ತು. ಅಷ್ಟು ನಿಧಾನಕ್ಕೆ ಓದಿದರೆ ಯಾವ ಭೂತವಾದರೂ ಬಡವಾಗುತ್ತದೆ ಎಂದು ಹೇಳುವವರು ಹೇಳಬಹುದು. ನನಗೆ ಹಾಗೆ ಅನಿಸಲಿಲ್ಲ. ಗಟ್ಟಿ ಇದ್ದದ್ದು ನಿಧಾನಕ್ಕೂ ನಿಲ್ಲುತ್ತದೆ.

ಕಥೆ ಇಷ್ಟು. ದೊಡ್ಡ ಮನೆಗೆ ಹೊಸ ಸೊಸೆ ಬರುತ್ತಾಳೆ. ಆ ಮನೆಯ ಬಾವಿಯಲ್ಲಿ ಹಿಂದೆ ಒಬ್ಬಳು ಸತ್ತಿದ್ದಾಳೆ. ಅವಳು ಒದ್ದೆ ಸೀರೆಯಲ್ಲಿ ಮನೆಯೊಳಗೆ ತಿರುಗುತ್ತಾಳೆ. ಉಪ್ಪರಿಗೆಯ ಬೀಗ ಹಾಕಿದ ಕೋಣೆ ಇದೆ, ಮುಚ್ಚಿಟ್ಟ ಪಾಪ ಇದೆ, ಕಡೆಗೆ ಮನೆ ಸುಟ್ಟುಹೋಗುತ್ತದೆ.

ಮೆಟ್ಟಿಲ ಮೇಲೆ ಒದ್ದೆ ಹೆಜ್ಜೆ ಮೂಡಿತು ಎಂದು ಓದಿದಾಗ ಅವರು ಕಿವಿ ನೆಟ್ಟಗೆ ಮಾಡಿದರು. ಮರುದಿನ ಪುನಃ ಹೆಜ್ಜೆ ಬಂತು. ಅದರ ಮರುದಿನವೂ ಬಂತು.

"ಇನ್ನೊಂದ್ ಸಲ ಬಂದ್ರೆ ಮೆಟ್ಲಿಗೆ ಒಂದ್ ಗೋಣಿ ಹಾಸುಕ್ ಹೇಳ್" ಎಂದರು.

ಅನ್ನದಲ್ಲಿ ಉದ್ದ ಕೂದಲು ಸಿಕ್ಕಿತೆಂದು ಸೊಸೆ ಎಚ್ಚರ ತಪ್ಪುವ ಭಾಗ ಒಂದಿತ್ತು. ನಮ್ಮಲ್ಲಾದರೆ ಬಡಿಸಿದವಳಿಗೆ ನಾಲ್ಕು ಬೈಗುಳ ಬಿದ್ದು ಅಲ್ಲಿಗೆ ಮುಗಿಯುತ್ತಿತ್ತು. ಭೂತ ಬರುವ ಮೊದಲು ಗಾಳಿ ಬೀಸಬೇಕು, ನಾಯಿ ಊಳಿಡಬೇಕು, ದೀಪ ಆರಬೇಕು, ಸೊಸೆಯ ಎದೆ ಡವಡವ ಅನ್ನಬೇಕು. ಇಷ್ಟಾಗುವಾಗ ಅವರು ಕಾಲು ನೀವಿಕೊಳ್ಳುತ್ತಾ, "ಚೌಕಿಯೊಳ್ಗೇ ಕೂಗಿ ಕೂಗಿ ಅದ್ರ ಸ್ವರ ಹೋಯ್ತ್. ಇನ್ನ್ ರಂಗಕ್ಕೆ ಬಂದ್ ಎಂತ ಮಾಡುದ್?" ಎನ್ನುತ್ತಿದ್ದರು.

ಇಡೀ ಪುಸ್ತಕ ಹಾಳು ಎಂದು ನಾನು ಹೇಳುವುದಿಲ್ಲ. ಒಂದು ಕಡೆ ಸೊಸೆ ಬೆಳ್ಳಂಬೆಳಗ್ಗೆ ನೀರು ಸೇದುತ್ತಾಳೆ. ಕೊಡ ಮೇಲೆ ಬರುತ್ತದೆ, ಕೆಳಗಿಡುತ್ತಾಳೆ. ಆದರೂ ಕೈಯಲ್ಲಿರುವ ಹಗ್ಗದ ಭಾರ ಇಳಿಯುವುದಿಲ್ಲ. ಅಷ್ಟು ಓದಿ ನಾನು ನಿಂತೆ. ಅವರು ಕಾಲು ನೀವುವುದು ನಿಲ್ಲಿಸಿದರು. "ಹಾಂ. ಇಲ್ಲಿ ಹುಡುಗನಿಗೆ ವಿಷಯ ಸಿಕ್ತ್" ಎಂದರು. ಮುಂದಿನ ಸಾಲಿನಲ್ಲೇ ಸೊಸೆ ಕಿರುಚಿ, ಬಾವಿಯಿಂದ ಕೈ ಬಂದು, ಎಲ್ಲ ಕೆಟ್ಟಿತು. "ಛೆ, ಅಲ್ಲೇ ತೆರೆ ಹಿಡ್ಕಂಡ್ ನಿಲ್ಕಿತ್ತ್" ಎಂದು ತೊಡೆಗೆ ಹೊಡೆದುಕೊಂಡರು. ಪುಸ್ತಕ ಒಳ್ಳೆಯದಾಗಲಿ ಎಂದು ಅವರಿಗೆ ನಿಜವಾಗಿಯೂ ಇತ್ತು. ಹೆದರಿಸು ಹೆದರಿಸು ಎಂದು ಬೇಡಿಕೊಳ್ಳುವ ಹಾಗೆ ಕುಳಿತು ಕೇಳುತ್ತಿದ್ದರು. ಪುಸ್ತಕ ಹೆದರಿಸಿದರೆ ಸಭೆಯಲ್ಲಿ ಅವರು ನಿಜವನ್ನೇ ಹೇಳಿ ಶಾಲು ಹೊದ್ದುಕೊಂಡು ಬರಬಹುದಲ್ಲ.

ಇದರ ನಡುವೆ ಅವರು ಒಬ್ಬ ಅಜ್ಜನನ್ನು ಹಿಡಿದುಕೊಂಡರು.

ಪುಸ್ತಕದ ಸುರುವಿಗೆ ಸೊಸೆ ಕಾರಿನಿಂದ ಇಳಿಯುವಾಗ ಹೀಗೆ ಇತ್ತು: "ಜಗಲಿಯ ಮೂಲೆಯಲ್ಲಿ ಒಬ್ಬ ಮುದುಕ ಕುಳಿತಿದ್ದ. ಯಾರು ಬಂದದ್ದು ಎಂದು ಕೇಳಿದ. ಯಾರೂ ಉತ್ತರ ಕೊಡಲಿಲ್ಲ. ಎಲ್ಲರೂ ಒಳಗೆ ಹೋದರು." ಅಷ್ಟೇ. ಆ ಅಜ್ಜ ಯಾರ ಅಪ್ಪ, ಯಾರ ಮಾವ ಎಂದೂ ಇಲ್ಲ. ನಾನು ಓದಿ ಮುಂದೆ ಹೋಗಿದ್ದೆ.

ಎರಡು ದಿನ ಬಿಟ್ಟು ಅವರು, "ಆ ಅಜ್ಜ ಎದ್ನಾ?" ಎಂದು ಕೇಳಿದರು.

"ಯಾವ ಅಜ್ಜ?"

"ಜಗ್ಲಿಯಂಗೆ ಕೂಕಂಡವ."

"ಅವನ ಸುದ್ದಿ ಇಲ್ಲೆ."

"ಬತ್ತ್, ಬತ್ತ್. ಅವನೇ ಕಡೀಕೆ ಗುಟ್ಟ್ ಹೇಳುವವ ಆಯ್ಕ್" ಎಂದರು. ಅವರಿಗೆ ಅದೊಂದು ಆಸೆ. ಮೂಲೆಯಲ್ಲಿ ಕುಳಿತ ಮುದುಕ ಕಡೆಗೆ ಎದ್ದು ನಿಂತು ಎಲ್ಲರನ್ನೂ ಬೆಚ್ಚಿ ಬೀಳಿಸುತ್ತಾನೆ ಎಂದು.

ಅಜ್ಜ ಬರಲಿಲ್ಲ. ಪೂಜೆ ಆಯಿತು, ಮಂತ್ರವಾದಿ ಬಂದ, ಉಪ್ಪರಿಗೆಯ ಬೀಗ ಒಡೆದರು. ಮನೆಗೆ ಬೆಂಕಿ ಬಿತ್ತು. "ಎಲ್ಲರೂ ಹೊರಗೆ ಓಡಿ ಬಂದರು, ಒಬ್ಬರಿಗೂ ಅಪಾಯವಾಗಲಿಲ್ಲ" ಎಂದು ಬರೆದಿತ್ತು. ಮುಂದಿನ ಪುಟದಲ್ಲಿ ಕಥೆ ಮುಗಿಯಿತು.

"ಎಲ್ಲರೂ ಅಂದ್ರೆ?" ಎಂದರು ಅವರು.

"ಎಲ್ಲರೂ ಅಂದ್ರೆ ಎಲ್ಲರೂ."

"ಅಜ್ಜ?"

"ಹೆಸ್ರ್ ಬರಿಲಿಲ್ಲೆ."

"ನೀನ್ ಒಂದ್ ಹಾಳೆ ಹಾರ್ಸಿದ್ದೆ ಕಾಣ್."

ನನಗೆ ಸಿಟ್ಟು ಬಂತು. ಹಾಳೆ ಹಾರಿಸುವಷ್ಟು ಬೇಗ ಓದುವವಳಾ ನಾನು? ಸಂಜೆ ಅವರ ಸೊಸೆ ಬಂದಾಗ ಅವಳ ಕೈಯಲ್ಲೂ ಹುಡುಕಿಸಿದರು. ಅವಳು ಒಲೆಯ ಮುಂದೆ ಕುಳಿತು ಹಾಳೆ ಮಗುಚಿ ಮಗುಚಿ ನೋಡಿ, "ಇಲ್ಲೆ ಮಾವ. ಅವ್ರ್ ಅಲ್ಲೇ ಬಾಕಿ" ಎಂದಳು.

ಅವರ ಮುಖ ಆಗ ಸಣ್ಣದಾದದ್ದನ್ನು ನಾನು ಕಂಡೆ. ಭೂತಕ್ಕೆ ಆಗದಿದ್ದದ್ದು ಅಲ್ಲಿ ಆಯಿತು.

"ದೂತನ ವೇಷ ಆದ್ರೂ, ರಂಗಕ್ಕೆ ಬಂದವನಿಗೆ ಭಾಗವತ್ರ್ ಒಂದ್ ಪದ ಹೇಳಿ ಕಳಿಸ್ಕ್" ಎಂದರು. "ಕಳಿಸ್ದೆ ಇದ್ರೆ ಅವ ಹೋಪ್ದ್ ಎಲ್ಲಿಗೆ? ಚೌಕಿಗೆ ಹೋಪುಕಾತ್ತಿಲ್ಲೆ. ಬಣ್ಣ ತೆಗೂಕಾತ್ತಿಲ್ಲೆ."

ಆ ದಿನ ಅವರು ಒಂದು ಸಂಗತಿ ಹೇಳಿದರು. ಮೇಳಕ್ಕೆ ಹೊಸತಾಗಿ ಸೇರಿದಾಗ ಅವರಿಗೆ ರಾಕ್ಷಸನ ಬಾಗಿಲು ಕಾಯುವವನ ವೇಷ ಕೊಟ್ಟಿದ್ದರಂತೆ. ಒಂದೇ ಮಾತು, ಆಮೇಲೆ ನಿರ್ಗಮನ. ಆ ದಿನ, ಹಾಡಿ ಆಟ ನಡೆಸುವ ಭಾಗವತರಿಗೆ ಇವರನ್ನು ಪದ ಹೇಳಿ ಕಳಿಸುವುದು ಮರೆತುಹೋಯಿತು. ಕಳಿಸದೆ ಹೋಗುವ ಹಾಗಿಲ್ಲ. ಇವರು ರಂಗದ ಮೂಲೆಯಲ್ಲೇ ನಿಂತರು. ಅರಮನೆ ಹೋಗಿ ಕಾಡು ಆಯಿತು, ಯುದ್ಧ ಆಯಿತು, ಮದುವೆ ಆಯಿತು, ಇವರು ನಿಂತೇ ಇದ್ದರು. ಉಟ್ಟದ್ದು ಒದ್ದೆಯಾಯಿತು. ಮಂಗಳ ಹಾಡುವಾಗ ಬೆಳಕಾಗಿತ್ತು.

"ಜನ ನಗಾಡಿದ್ರಾ?" ಎಂದು ಕೇಳಿದೆ.

"ನಗಾಡಿದ್ರೆ ಬೇಜಾರಿರ್ಲಿಲ್ಲೆ ಹೆಣೆ. ಒಬ್ರೂ ಕಾಣ್ಲಿಲ್ಲೆ."

ಅದರ ಮೇಲೆಯೇ ಅವರು ಹಟ ಹಿಡಿದು ದೊಡ್ಡ ಬಣ್ಣದ ವೇಷ ಕಲಿತದ್ದಂತೆ. ಯಾರ ಕಣ್ಣಿಗೂ ತಪ್ಪದ ವೇಷ.

ಸಭೆ ಹತ್ತಿರ ಬಂತು. ಏನು ಹೇಳುವುದು ಎಂಬ ಚಿಂತೆಯಲ್ಲಿ ಅವರು ಸೊರಗಿದರು. ನನಗೆ ಇದೆಲ್ಲ ದೊಡ್ಡ ವಿಷಯ ಎಂದು ಕಾಣಲಿಲ್ಲ.

"ಭೂತಕ್ಕೆ ಹೆದ್ರಿದೆ, ನಡುಗಿದೆ ಅಂತ ಹೇಳಿ ಬನ್ನಿ ಅಣ್ಣಯ್ಯ. ನಿಮ್ದೆಂತ ಹೋತ್ತ್? ಇಷ್ಟ್ ವರ್ಷ ದಿನಾ ನಾನ್ ರಾಕ್ಷಸ, ನಾನ್ ರಾಕ್ಷಸ ಅಂದದ್ದ್ ಸುಳ್ಳಲ್ದಾ?"

"ಬಣ್ಣ ಹಾಯ್ಕಂಡ್ ಹೇಳುದ್ ಸುಳ್ಳಲ್ಲ" ಎಂದರು. "ಮುಖ ತೊಳ್ಕಂಡ್ ಹೇಳ್ರೆ ಸುಳ್ಳ್."

"ಹಾಂಗಾರೆ ಹೋಪ್ದ್ ಬ್ಯಾಡ."

ಹೋಗದೆ ಇರುವುದು ಅವರಿಂದ ಆಗುವ ಕೆಲಸ ಅಲ್ಲ. ಎಷ್ಟೋ ವರ್ಷದ ಮೇಲೆ ರಂಗ ಕರೆದಿತ್ತು. ಇನ್ನೊಮ್ಮೆ ಕರೆಯುತ್ತದೆಂದು ಹೇಳುವ ಹಾಗಿಲ್ಲ. ನಿಜ ಹೇಳಿದರೆ ಕರೆದ ಹುಡುಗನ ಮರ್ಯಾದೆ ಹೋಗುತ್ತದೆ, ಹೇಳದಿದ್ದರೆ ಇವರದ್ದು. ಬಿಳಿ ಪಂಚೆಯನ್ನು ಸೊಸೆಯಿಂದ ಎರಡು ಸಲ ಇಸ್ತ್ರಿ ಮಾಡಿಸಿದರು.

ಹುಡುಗ ಕಾರು ತಂದ. ನನ್ನನ್ನೂ ಕರೆದುಕೊಂಡು ಹೋದರು, ಮೊಣಗಂಟಿಗೆ ಆಸರೆ ಬೇಕಲ್ಲ. ಕುಂದಾಪುರದ ಆ ಹಾಲಿನಲ್ಲಿ ಜನ ತುಂಬಿದ್ದರು, ಹೆಚ್ಚಿನವರು ಓದಿದ ಜನ. ನಾಲ್ಕು ಮಂದಿ ಪುಸ್ತಕವನ್ನು ಹೊಗಳಿ ಹೊಗಳಿ ಮೈಕು ಬಿಸಿ ಮಾಡಿದರು. ಆಮೇಲೆ ಇವರ ಸರದಿ. ಮೆಟ್ಟಿಲು ಹತ್ತುವಾಗ ನನ್ನ ಹೆಗಲು ಹಿಡಿದಿದ್ದರು. ರಂಗದ ಮೇಲೆ ಕಾಲಿಟ್ಟದ್ದೇ ಕೈ ಬಿಟ್ಟರು.

"ಭೂತಕ್ಕೆ ನಾನ್ ಹೆದ್ರಲಿಲ್ಲೆ" ಎಂದು ಸುರು ಮಾಡಿದರು. ಮೈಕು ಬೇಡದ ಸ್ವರ. "ಅದ್ ಬಪ್ಪುಕ್ ಮುಂಚೆ ಅದ್ರ ಬಣ್ಣ ಹಾಕುದ್ ಕಂಡ್ ಹೋಯ್ತ್."

ಜನ ನಕ್ಕರು. ಹುಡುಗನೂ ನಕ್ಕ, ತಮಾಷೆ ಎಂದುಕೊಂಡು.

"ಆದ್ರೆ ಕರೆಯೋಲೆಯಂಗೆ ಹಾಕಿದ್ ಸುಳ್ಳಲ್ಲ. ನಾನ್ ಹೆದ್ರಿದೆ. ಸುರುವಿಗೆ ಜಗ್ಲಿಯಂಗೆ ಒಂದ್ ಅಜ್ಜ ಕೂಕಂಡಿತ್ತ್. ಯಾರ್ ಬಂದದ್ ಅಂತ ಕೇಳ್ತ್. ಯಾರೂ ಹೇಳ್ಲಿಲ್ಲೆ. ಆ ಮೇಲೆ ಬರೆದವನೂ ಅದ್ರನ್ನ್ ಮರ್ತ. ಮನೆ ಸುಟ್ಟ್ ಹೋಯ್ತ್, ಎಲ್ಲರೂ ಹೊರಗ್ ಬಂದ್ರ್. ಆ ಅಜ್ಜ ಬರ್ಲಿಲ್ಲೆ."

ನಗು ನಿಂತಿತು. ಮುಂದಿನ ಸಾಲಿನಲ್ಲಿ ಕನ್ನಡಕ ಹಾಕಿದವರೊಬ್ಬರು ಎದ್ದು, "ಯಾವ ಅಜ್ಜ, ಯಜಮಾನ್ರೆ? ನಾನ್ ಎರಡ್ ಸಲ ಓದಿದೆ. ಅಜ್ಜ ಎಲ್ಲೂ ಇಲ್ಯಲೆ" ಎಂದರು.

"ಅದೇ ಕಾಣಿ ನಂಗೆ ಹೆದ್ರಿಕೆ" ಎಂದರು ಇವರು.

ಯಾರೋ ಚಪ್ಪಾಳೆ ತಟ್ಟಲು ಹೋಗಿ ನಿಲ್ಲಿಸಿದರು. ಸಭೆ ನಡೆಸುವವರು ಗಡಿಬಿಡಿಯಲ್ಲಿ ಶಾಲು ಹೊದಿಸಿ, ಹಣ್ಣಿನ ತಟ್ಟೆ ಕೊಟ್ಟು, ಮೈಕು ಅವರ ಕೈಯಿಂದ ತೆಗೆದುಕೊಂಡರು. ಇವರಿಗೆ ಇನ್ನೂ ಮಾತಾಡುವುದಿತ್ತು. ಬಾವಿಯ ಹಗ್ಗದ ಭಾಗ ಚೆನ್ನಾಗಿದೆ ಎಂದು ಹೇಳಬೇಕಿತ್ತಂತೆ. ಬಿಡಲಿಲ್ಲ.

ವಾಪಸು ಹುಡುಗನೇ ಕಾರಿನಲ್ಲಿ ಬಿಟ್ಟ. ಮನೆ ಮುಂದೆ ಇಳಿದ ಮೇಲೆ ಹುಡುಗ ನನ್ನ ಹತ್ತಿರ, "ಅಮ್ಮ, ಅದ್ ಯಾವ ಪುಟ?" ಎಂದು ಕೇಳಿದ. ಒಳಗಿಂದ ಪುಸ್ತಕ ತಂದು ತೋರಿಸಿದೆ. ಅಂಗಳದಲ್ಲಿ ನಿಂತು ಓದಿದ. ಪುನಃ ಓದಿದ.

"ಇದ್ ನಾನ್ ಬರ್ದದ್ದಾ?" ಎಂದ.

ಮರುದಿನ ಬೆಳಿಗ್ಗೆ ನಾನು ಬುಟ್ಟಿ ಎತ್ತುವಾಗ ಬೇಲಿಯಾಚೆಯಿಂದ ಕೂಗು. ಕಾಗೆ ಹಾರುವಷ್ಟು ಜೋರಿರಲಿಲ್ಲ.

"ಹುಡುಗನಿಗೆ ಬೇಜಾರಾಯ್ತಾ ಹೆಣೆ?"

"ಆಗ್ದೆ ಇರ್ತಿತಾ? ಶಾಲ್ ಹಾಕುಕ್ ಕರ್ದವನ ಮುಖಕ್ಕೇ ಮಸಿ ಬಳ್ದಂಗ್ ಆಯ್ತ್. ಇನ್ನ್ ಯಾರೂ ನಿಮ್ಮನ್ನ್ ಕರಿತಿಲ್ಲೆ ಕಾಣಿ."

"ಕರಿತಿಲ್ಲೆ" ಎಂದು ಅವರೂ ಒಪ್ಪಿದರು. ಆಮೇಲೆ, "ನಾನ್ ಹೇಳ್ದೆ ಇದ್ರೆ ಆ ಮುದ್ಕನ್ನ ಕೇಳುವವ್ರ್ ಯಾರ್?" ಎಂದರು.

ಹುಡುಗ ಸಿಟ್ಟು ಸಾಧಿಸುವವನಲ್ಲ. ಮಳೆ ಹಿಡಿಯುವ ಹೊತ್ತಿಗೆ ಒಂದು ದಿನ ರೈನ್‌ಕೋಟು ಹಾಕಿಕೊಂಡು ಬಂದ. ಪುಸ್ತಕ ಪುನಃ ಅಚ್ಚಾಗುತ್ತದೆ, ಅಜ್ಜನನ್ನು ಸರಿ ಮಾಡುತ್ತೇನೆ ಎಂದ.

"ಹ್ಯಾಂಗೆ ಕಳಿಸ್ಕ್ ಯಜಮಾನ್ರೆ? ನೀವೇ ಹೇಳಿ."

"ಕರ್ಕಂಡ್ ಬಂದವ ನೀನ್. ಕಳಿಸುದೂ ನೀನೇ. ನಾಲ್ಕ್ ಜನಕ್ಕೆ ಕಾಂಬಂಗೆ ಕಳ್ಸ್, ಅಷ್ಟ್ ಮಾಡ್."

ಅಲ್ಲಿಂದ ನನಗೆ ದಿನಾ ಅದೇ ಪ್ರಶ್ನೆ. ಹುಡುಗ ಬಂದನಾ, ಬರೆದನಾ, ಅಜ್ಜ ಹೊರಟನಾ. "ಬ್ಯಾಂಕಿನ ಕೆಲ್ಸ ಬಿಟ್ಟ್ ನಿಮ್ ಅಜ್ಜನ್ನ ಎತ್ತುಕಾತ್ತಾ ಅವನಿಗೆ?" ಎಂದು ಬೈದರೂ ಮರುದಿನ ಪುನಃ ಕೇಳುವುದು. ಒಂದು ಸಲ ತಮಾಷೆಗೆ, "ಹೊರಟ್ರ್, ಚಪ್ಪಲಿ ಹಾಕ್ತಾ ಇದ್ರ್" ಎಂದೆ. ನಗಲಿಲ್ಲ.

ಮಳೆ ಬಿಡುವ ಮೊದಲೇ ಅವರು ಹೋದರು. ಹುಡುಗನಿಗೆ ಪೇಪರ್ ಕಂಡೇ ಗೊತ್ತಾದದ್ದು. ಕ್ರಿಯೆ ಎಲ್ಲ ಮುಗಿದ ಮೇಲೆ ಒಂದು ಮಧ್ಯಾಹ್ನ ಬಂದ. ಸೊಸೆ ಕೆಲಸಕ್ಕೆ ಹೋಗಿದ್ದಳು. ನನ್ನ ಜಗಲಿಯಲ್ಲಿ ಕುಳಿತು ಕಿಸೆಯಿಂದ ಒಂದು ಹಾಳೆ ತೆಗೆದ.

"ಅಜ್ಜನನ್ನ್ ಕಳ್ಸಿದೆ ಅಮ್ಮ. ಅವ್ರಿಗೆ ಓದಿ ಹೇಳ್ಕಿತ್ತ್, ತಡ ಆಯ್ತ್. ನೀವ್ ಕೇಳಿ."

ಓದಿದ. ಬೆಂಕಿ ಉರಿಯುತ್ತದೆ. ಅಜ್ಜ ಮೂಲೆಯಿಂದ ಎದ್ದು ನಿಲ್ಲುತ್ತಾನೆ. ಕಣ್ಣು ಕೆಂಡದ ಹಾಗೆ. ಎಲ್ಲರಿಗೂ ಶಾಪ ಕೊಟ್ಟು, ಗುಡುಗಿನಂಥ ನಗು ನಕ್ಕು, ಉರಿಯೊಳಗೆ ನಡೆದು ಹೋಗುತ್ತಾನೆ. ಓದುವಾಗ ಹುಡುಗನ ಸ್ವರವೂ ಏರಿತು.

"ಅದಲ್ಲ" ಎಂದೆ.

"ಎಂತ ಅಲ್ಲ?"

"ಅದ್ ವೇಷ ಆಯ್ತ್. ಮುದ್ಕರ್ ಹಾಂಗ್ ಹೋಪುದಿಲ್ಲೆ."

ಅವನು ಹಾಳೆ ಮಡಿಸಿ, ಅವರು ಹೇಗೆ ಹೋದದ್ದು ಎಂದು ಕೇಳಿದ. ನಾನೇ ಹತ್ತಿರ ಇದ್ದದ್ದು, ಹೇಳಿದೆ. ಆ ದಿನ ಮಧ್ಯಾಹ್ನ ಅವರ ಜಗಲಿಯಲ್ಲೇ ಅವರಿಗೆ ಗಂಜಿ ಕೊಟ್ಟಿದ್ದೆ. ಒಂದು ಗುಟುಕು ಕುಡಿದು, ಉಪ್ಪಿಲ್ಲೆ ಎಂದರು. ಹಾಕಿದ್ದೆ ನಾನು, ಆದರೂ ಉಪ್ಪಿಲ್ಲೆ ಎಂದರು. ಒಳಗೆ ಹೋದೆ. ಉಪ್ಪಿನ ಭರಣಿ ಹುಡುಕುತ್ತಾ ಒಳಗಿನಿಂದಲೇ ಮಾತಾಡಿದೆ. ಬಾಯಿ ರುಚಿ ಕೆಟ್ಟದ್ದು ನಿಮ್ಮದು, ಬೈಗುಳ ನನಗೆ ಎಂದೆ. ಬಂಗುಡೆ ಬರಲಿಲ್ಲ ಈ ಸಲ ಎಂದೆ. ಹೊರಗೆ ಬಂದು ಅವರ ಬಟ್ಟಲಿಗೆ ಉಪ್ಪು ಹಾಕಿ, ಬೆರಳಲ್ಲಿ ಕದಡಿ, ಈಗ ಕಾಣಿ ಎಂದೆ. ಬೇಲಿ ಮುರಿದು ದನ ನುಗ್ಗಿದ್ದನ್ನು ಹೇಳಿದೆ. ಹೋರಿಯೂ ಬಂದಿತ್ತು, ನೀವು ಒಳಗಿದ್ದದ್ದು ಒಳ್ಳೆಯದಾಯಿತು ಎಂದು ನಗಾಡಿದೆ. ಬಟ್ಟಲು ತೊಡೆಯ ಮೇಲೆ ಹಾಗೇ ಇತ್ತು. ಒಂದು ಹನಿ ಚೆಲ್ಲಿರಲಿಲ್ಲ. ಕೈ ಅದನ್ನು ಹಿಡಿದೇ ಇತ್ತು.

ಹುಡುಗ ಮಡಿಸಿದ ಹಾಳೆಯನ್ನು ಪುನಃ ಬಿಡಿಸಿದ.

"ಆದ್ರೆ ಅಮ್ಮ, ಇದ್ರೊಳ್ಗೆ ಹೆದ್ರಿಕೆ ಎಂತ ಇತ್ತ್? ಓದುವವ್ರಿಗೆ..."

"ಓದುವವ್ರ್ ಸುದ್ದಿ ನಂಗ್ ಗೊತ್ತಿಲ್ಲೆ" ಎಂದೆ. "ನಾನ್ ಮಾತಾಡ್ತಾ ಇದ್ದೆ. ಅವ್ರ್ ಇರ್ಲಿಲ್ಲೆ. ಎಷ್ಟ್ ಹೊತ್ತಿಂದ ಇರ್ಲಿಲ್ಲೆ ಅಂತ ಈಗಳೂ ಗೊತ್ತಿಲ್ಲೆ. ಅಷ್ಟ್ ಬರಿ."

ಅವನು ಹಾಳೆಯ ಹಿಂದಿನ ಬದಿಗೆ ಬರೆದುಕೊಳ್ಳಲು ಸುರು ಮಾಡಿದ. ನನಗೆ ಮೀನಿಗೆ ಉಪ್ಪು ಹಾಕುವುದಿತ್ತು, ಒಳಗೆ ಹೋದೆ.